ಅಂಗಳದ ಥಂಡಿ

ಅನ್ನಪೂರ್ಣೇಶ್ವರಿ ಗಂಡನ ಸ್ವೆಟರು ಝಾಡಿಸಿದಾಗ ಕಿಸೆಯಿಂದ ಉರುಳಿಬಿದ್ದದ್ದು ಅವಳದೇ ಸೈಕಲ್ ಟೈರಿನ ವಾಲ್ವಿನ ಮುಚ್ಚಳ. ವಾರದಿಂದ ದಿನಾ ನಸುಕಿನಲ್ಲಿ ಎರಡೂ ಗಾಲಿ ನೆಲಕ್ಕೆ ಕೂತಿರುತ್ತಿದ್ದವು. ಗಾಳಿ ತುಂಬಿಸುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು. ಜಾಲಿಮುಳ್ಳಿಗೆ ಬೈದಿದ್ದಳು, ಟೈರಿಗೆ ಬೈದಿದ್ದಳು, ಈ ಹಾಳು ಚಳಿಗಾಳಿಗೂ ತುಂತುರಿಗೂ ಬೈದಿದ್ದಳು. ಸೈಕಲ್ಲಿಗೇ ಬೇಡವಾದ ಮೇಲೆ ನಸುಕಿನಲ್ಲಿ ಕೊಣ್ಣೂರು ಸೇತುವೆತನಕ ಒಂದು ಸುತ್ತು ಹೋಗಿಬರುವ ಹಠ ತನಗ್ಯಾಕೆ ಎಂದು ನಿನ್ನೆಯಷ್ಟೇ ಆಸೆ ಬಿಟ್ಟಿದ್ದಳು.

"ಗಾಳಿ ನೀವು ಬಿಡ್ತಿದ್ರೇನ್ರಿ?"

ಕಂಬಳಿಯೊಳಗಿಂದ ಪ್ರಭುಲಿಂಗಪ್ಪನ ಮುಖವಷ್ಟೇ ಹೊರಬಂತು. "ಹೂಂ, ನಾನ. ನಿನ್ನ ಚಲೋದಕ್ಕ ಬಿಟ್ಟೀನಿ. ಇಂಥಾ ಥಂಡ್ಯಾಗ ಹೆಣ್ಮಕ್ಕಳು ಹೊರಗ ಅಡ್ಡಾಡಬಾರದು, ಕೆಮ್ಮು ಹತ್ತತೈತಿ." ಮಗ್ಗಲು ಬದಲಿಸಿ ಅಂದ, "ಅಂಗಳಕ್ಕ ನೀರ ಹಾಕಿ ಲಗೂ ಒಂದ್ ಚಾ ತಾ."

ಅಂಗಳ. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಕತ್ತಲಲ್ಲೇ ಎದ್ದು ಕಸ ಹೊಡೆದು, ತಣ್ಣೀರು ಚೆಲ್ಲಿ, ಬೆರಳು ಸೆಟೆದರೂ ರಂಗೋಲಿ ಹಾಕುತ್ತಿದ್ದಾಳೆ. ಅಲ್ಲಿ ಒಂದು ದಿನವೂ ಯಾರ ಕಣ್ಣಿಗೂ ಥಂಡಿ ಬಿದ್ದಿರಲಿಲ್ಲ.

ಅವಳು ಕಂಬಳಿ ಹಿಡಿದು ಎಳೆದಳು. ತುಂಬಿದ ಬಕೀಟು ತಂದು ಹಾಸಿಗೆಯ ಪಕ್ಕ ಕುಕ್ಕಿದಳು. ನೀರು ಸಿಡಿದು ಅವನ ಪಾದಗಳು ತೋಯ್ದವು. ಮುಚ್ಚಳ ಮುಷ್ಟಿಯಲ್ಲಿಟ್ಟು, ಮೂಲೆಯಲ್ಲಿದ್ದ ಪಂಪು ಎತ್ತಿಕೊಂಡು ಬಾಗಿಲಿಗೆ ಹೋದವಳು ತಿರುಗಿ ನೋಡಿದಳು.

"ಥಂಡ್ಯಾಗ ಹೆಣ್ಮಕ್ಕಳು ಹೊರಗ ಅಡ್ಡಾಡಬಾರದು ಅಂದ್ರಲ್ಲ. ಅಂಗಳಕ್ಕ ಇವತ್ತಿಂದ ನೀವ ನೀರ ಹಾಕ್ರಿ. ರಂಗೋಲಿ ಹ್ಯಾಂಗ ಬಂದೈತಿ ಅಂತ ಕೊಣ್ಣೂರಿಂದ ಬಂದು ನೋಡ್ತೀನಿ."