ಬಟ್ಟೆಯ ಆಚೆ ಬದಿ

ಅಜ್ಜಿ ಯಾರೋ ಎಸೆದ ಹಳೆಯ ಕೋಟಿನ ಅಸ್ತರು ಕಿತ್ತು, ಗುಂಡಿಗಳನ್ನು ಒಂದೊಂದಾಗಿ ಬಿಚ್ಚುತ್ತಾ ಕೂತಿದ್ದಳು. ಅಷ್ಟರಲ್ಲಿ ಮೊಮ್ಮಗಳು ಚಪ್ಪಲಿಯನ್ನೂ ಕಳಚದೆ ಒಳಗೆ ನುಗ್ಗಿದಳು.

"ಅಜ್ಜೀ, ಒಪ್ಪಿಬಿಟ್ರು! ನಮ್ಮ ಡಿಸೈನ್ ಕಾಲೇಜಲ್ಲಿ ನಿನ್ನ ಕಸೂತಿಗೇ ಅಂತ ಒಂದು ಕ್ಲಾಸು! ಹೊಸ ಬಟ್ಟೆ ಒಂದು ಮೊಳಾನೂ ಕೊಳ್ಳೋ ಹಾಗಿಲ್ಲ. ಜನ ಬಿಸಾಕಿದ ಕೋಟು, ಪರದೆ, ಅಂಗಿ, ಅದರ ಮೇಲೇ ನೀನು ಕಲಿಸ್ಬೇಕು. ಮುಂದಿನ ತಿಂಗಳೇ ಶುರು!"

"ಮೊದಲು ಚಪ್ಪಲಿ ಬಿಡೇ, ಮಹಾರಾಣಿ," ಎಂದಳು ಅಜ್ಜಿ. ಆದರೆ ಕೈಯಲ್ಲಿದ್ದ ಗುಂಡಿ ಜಾರಿ ಮಂಚದಡಿ ಉರುಳಿದ್ದು ಅವಳ ಗಮನಕ್ಕೇ ಬರಲಿಲ್ಲ.

"ಒಂದೇ ಮಾತು ಅಜ್ಜಿ. ಮೊದಲ ದಿನ ಎಲ್ಲರೆದುರು ಕಸೂತಿ ಹಾಕಿ ತೋರಿಸ್ಬೇಕು. ಅದು ಹಿಡಿಸಿದ್ರೆ ಮಾತ್ರ ಕ್ಲಾಸು ಮುಂದುವರಿಯುತ್ತೆ."

ಆ ಕಸೂತಿ ಒಬ್ಬರಿಂದ ಆಗುವಂಥದ್ದಲ್ಲ. ಬಾಗಿಲಿನ ಹಾಗೆ ನೆಟ್ಟಗೆ ನಿಂತ ಚೌಕಟ್ಟಿಗೆ ಬಟ್ಟೆ ಬಿಗಿದು, ಈ ಬದಿಗೊಬ್ಬರು ಆ ಬದಿಗೊಬ್ಬರು ಕೂರಬೇಕು. ಈಚೆಯವಳು ಸೂಜಿ ದಾಟಿಸಿ, ಅದು ಮರಳಬೇಕಾದ ಜಾಗವನ್ನು ಉಗುರಿನಿಂದ ಎರಡು ಸಲ ತಟ್ಟುತ್ತಾಳೆ. ಆಚೆಯವಳು ಅಲ್ಲಿಗೇ ಸೂಜಿ ಕಳಿಸುತ್ತಾಳೆ. ಎರಡೂ ಬದಿಗೆ ಒಂದೇ ಹೂವು. ಕೋಟನ್ನು ಒಳಹೊರಗು ಮಾಡಿ ತೊಟ್ಟರೂ ಅಂದ ಕೆಡುವುದಿಲ್ಲ. ಆಚೆ ಬದಿಯಲ್ಲಿ ಯಾವಾಗಲೂ ಕೂರುತ್ತಿದ್ದವಳು ಅಜ್ಜಿಯ ಓರಗಿತ್ತಿ, ಮೊಮ್ಮಗಳ ಚಿಕ್ಕಜ್ಜಿ. ಎಲೆಗೆ ಯಾವ ಹಸಿರು ಎಂಬ ಜಗಳದಲ್ಲಿ ಮುನಿಸಿಕೊಂಡು ಮಗಳ ಊರಿಗೆ ಹೋದವಳು, ಮತ್ತೆ ಇತ್ತ ತಲೆ ಹಾಕಿರಲಿಲ್ಲ.

"ನಾನು ಕೂರ್ತೀನಿ ಬಿಡು," ಎಂದು ಮೊಮ್ಮಗಳು ಕೋಟನ್ನು ಚೌಕಟ್ಟಿಗೆ ಬಿಗಿದು ಆಚೆ ಹೋಗಿ ಕೂತೇಬಿಟ್ಟಳು.

ಅಜ್ಜಿ ಸೂಜಿ ದಾಟಿಸಿದಳು. ಟಕ್ ಟಕ್ ಎಂದು ತಟ್ಟಿದಳು.

"ಅಯ್ಯಯ್ಯೋ! ಬಟ್ಟೆಗೆ ಚುಚ್ಚು ಅಂದ್ರೆ ನನಗೇ ಚುಚ್ತೀಯಲ್ಲೇ!"

"ನೀನೇ ತಾನೆ ಅಲ್ಲಿ ತಟ್ಟಿದ್ದು?"

"ತಟ್ಟಿದ ಬೆರಳು ನಾನು ತೆಗೆಯೋ ತನಕ ಕಾಯ್ಬೇಕೋ ಬೇಡವೋ?"

"ತೆಗೆದಿದ್ದು ಈ ಕಡೆ ಹೇಗೆ ಗೊತ್ತಾಗುತ್ತೆ? ಚಿಕ್ಕಜ್ಜಿಗೆ ಹೇಗೆ ಗೊತ್ತಾಗ್ತಿತ್ತು?"

ಅಜ್ಜಿ ಬೆರಳನ್ನು ಬಾಯಲ್ಲಿಟ್ಟುಕೊಂಡೇ ಯೋಚಿಸಿದಳು. ಅಷ್ಟು ವರ್ಷಗಳಲ್ಲಿ ಓರಗಿತ್ತಿಯ ಸೂಜಿ ಒಮ್ಮೆಯೂ ತಾಗಿರಲಿಲ್ಲ. ಹೇಗೆಂದು ಇವಳು ಕೇಳಿರಲೂ ಇಲ್ಲ, ಆಚೆ ಬದಿಗೆ ಹೋಗಿ ಕೂತು ನೋಡಿರಲೂ ಇಲ್ಲ.

"ನನಗೆ ಬರೋದು ಅರ್ಧ ಕಣೇ!" ಅಜ್ಜಿ ಗೊಳ್ಳೆಂದು ನಕ್ಕಳು. "ಇನ್ನರ್ಧ ಆ ಮೂತಿ ಊದಿಸ್ಕೊಂಡು ಕೂತಿರೋಳ ಹತ್ರ ಇದೆ!"

ಹೊಲಿಗೆ ಮಿಷಿನ್ನಿನ ಡ್ರಾಯರಿನಿಂದ ಒಂದು ಲಕೋಟೆ ಹೊರಬಂತು. ಮನೆಗೆ ಬಾ ಎಂದು ಓರಗಿತ್ತಿಗೆ ಬರೆದು, ಸ್ಟಾಂಪೂ ಅಂಟಿಸಿ ಇಟ್ಟು ಎಷ್ಟೋ ಕಾಲವಾಗಿತ್ತು. ಮೊದಲು ಅವಳೇ ಬರೆಯಲಿ ಎಂಬ ಹಟ. ಈಗ ಅಜ್ಜಿ ಲಕೋಟೆಯ ಬೆನ್ನಿಗೇ ದೊಡ್ಡ ಅಕ್ಷರಗಳಲ್ಲಿ ಗೀಚಿದಳು: "ಕ್ಲಾಸು ಶುರುವಾಗ್ತಿದೆ. ಹಸಿರು ನಿನ್ನದೇ ಇರಲಿ. ಬೇಗ ಬಾ."

"ಅಜ್ಜೀ, ಚಪ್ಪಲಿ!" ಎಂದು ಮೊಮ್ಮಗಳು ಕೂಗುವಷ್ಟರಲ್ಲಿ ಅಜ್ಜಿ ಬರಿಗಾಲಲ್ಲೇ ಬೀದಿಯ ಮೂಲೆ ತಲುಪಿದ್ದಳು. ಕಾಗದವನ್ನು ಅಂಚೆ ಪೆಟ್ಟಿಗೆಯೊಳಗೆ ಬಿಟ್ಟಳು. ಪೆಟ್ಟಿಗೆಯನ್ನು ಉಗುರಿನಿಂದ ಎರಡು ಸಲ ತಟ್ಟಿದಳು. ತಟ್ಟಿ, ಬೆರಳನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡಳು.