ಈ ಕಡೆಯ ಹಲ್ಲು

ಬರೆದದ್ದೇ ನಿಜ ಎಂಬ ಕಾಯಿದೆ ಬಂದ ಮೇಲೆ, ಬರಹ ತಪ್ಪಿದರೆ ರೋಗಿಯ ಬಾಯನ್ನೇ ತಿದ್ದಬೇಕಾಗಿತ್ತು. ಅದಕ್ಕೇ ಗದಗಿನ ದಂತವೈದ್ಯೆ ಮೇದಿನಿ ಇಷ್ಟು ದಿನ ಪ್ರತಿ ಹಲ್ಲಿನ ಸಂಗತಿಯನ್ನೂ ತಾನೇ ಬಿಡಿಸಿ ಹೇಳಿ ಯಂತ್ರದಿಂದ ಬರೆಸುತ್ತಿದ್ದಳು. ಹೇಳಿ ಹೇಳಿ ಗಂಟಲು ಸೋತು, ಈ ಸೋಮವಾರ, ರೋಗಿಯ ಮಾತು ಕೇಳಿ ತಾನೇ ಬರೆದುಕೊಳ್ಳುವ ಎಐ ತಂದಿಟ್ಟಳು.

ಮುದುಕಿ ನಿಂಬವ್ವ ಎಡಗೆನ್ನೆ ಒತ್ತಿಕೊಂಡು, "ಈ ಕಡಿ ದವಡಿ ಹಲ್ಲು ನೋಡ್ರಿ ಡಾಕ್ಟರವ್ವಾ, ರೊಟ್ಟಿ ಕಡ್ಯಾಕ ಬಿಡವಲ್ದು" ಎಂದಳು. ಎಐಗೆ ಕಿವಿಯಿತ್ತು, ಕಣ್ಣಿರಲಿಲ್ಲ. ಮೇದಿನಿ ಆ ಹುಳುಕು ಹಲ್ಲನ್ನು ಕಿತ್ತು ಪರದೆ ನೋಡಿದಳು. ‘ಬಲ ದವಡೆಹಲ್ಲು ಕೀಳಲಾಗಿದೆ’ ಎಂದು ಎಐ ಬರೆದಾಗಿತ್ತು, ಮೊಹರೂ ಬಿದ್ದಾಗಿತ್ತು.

"ಆಯಿ, ಬಲಗಡೀದೂ ತೆಗೀಬೇಕಾಗೇತಿ."

"ಅದು ಕಲ್ಲಿನಂಗ ಐತಲ್ಲವಾ. ನಾ ಉಣ್ಣೂದೇ ಆ ಕಡಿಯಿಂದ."

"ಬರಹದಾಗ ಅದು ಇಲ್ಲ ಆಯಿ."

"ನೀನರ ಎಡಗಡಿ ಅಂತ ಒಂದು ಮಾತು ಅಂದಿದ್ರ ಆಗ್ತಿತ್ತು."

ಮೇದಿನಿ ತಲೆ ಎತ್ತದೆ ಸೂಜಿಗೆ ಮದ್ದು ತುಂಬಿದಳು.

"ಇರಲಿ. ಇನ್ನ ಮ್ಯಾಲೆ ನಿಂಬವ್ವ ಗಂಜೀನ ಕುಡೀತಾಳ ಅಂತ ಬರಕೋ ಅನ್ನು ಅದಕ್ಕ" ಎಂದು ಮುದುಕಿ ಬಾಯಿ ತೆರೆದಳು.

ಎಐ ಬರೆದುಕೊಂಡಿತು: ‘ರೋಗಿ ಮನಸಾರೆ ಒಪ್ಪಿದ್ದಾರೆ.’