ಅಮ್ಮನ ಕೈಗುಣ

ಪರದೆ ಕೊನೆಗೂ ಬೆಳಗಿತು. ಕಪ್ಪು ಹಿನ್ನೆಲೆ, ದಪ್ಪ ದಪ್ಪ ಅಕ್ಷರ, ನಾಲ್ಕು ಮೂಲೆಯಲ್ಲೂ ‘ಸೇಫ್ ಮೋಡ್’. ಮಗಳ ಹಿಂದೆ ನಿಂತಿದ್ದ ಅಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಬೆಳಿಗ್ಗೆ ಕಂಪ್ಯೂಟರ್ ಶುರುವಾಗದಿದ್ದಾಗ, “ನೀನೇ ಏನೋ ಒತ್ತಿ ಕೆಡಿಸಿದ್ದೀಯ, ಇನ್ಮೇಲೆ ಮುಟ್ಟಬೇಡ” ಎಂದು ಮಗಳು ಕೂಗಾಡಿದ್ದಳು. ಆಗಿನಿಂದ ಆ ಕೈಗಳು ಅಲ್ಲೇ ಇದ್ದವು.

“ಬದುಕ್ತಾ?” ಅಮ್ಮ ಮೆಲ್ಲಗೆ ಕೇಳಿದಳು. “ನಾನು ಟೈಪ್ ಮಾಡಿದ ಹೊಲಿಗೆ ಪಾಠ ಎಲ್ಲ ಹೋಯ್ತಾ?”

“ಎಲ್ಲ ಇದೆ.”

ಸೇಫ್ ಮೋಡ್‌ನಲ್ಲಿ ಯಂತ್ರ ತೀರಾ ಅಗತ್ಯವಾದದ್ದನ್ನು ಮಾತ್ರ ಶುರುಮಾಡುತ್ತದೆ. ನಾವು ಆಮೇಲೆ ಸೇರಿಸಿದ್ದನ್ನೆಲ್ಲ ಬದಿಗಿಡುತ್ತದೆ. ಇಷ್ಟು ಸರಾಗವಾಗಿ ಶುರುವಾಯಿತೆಂದರೆ, ತೊಂದರೆ ಸೇರಿಸಿದ್ದರಲ್ಲೇ ಇರಬೇಕು. ವಿಡಿಯೊ ಇನ್ನಷ್ಟು ಚೆನ್ನಾಗಿ ಕಾಣಲೆಂದು ನಿನ್ನೆ ಸಂಜೆ ಹೊಸ ಡ್ರೈವರ್ ತಂತ್ರಾಂಶ ಹಾಕಿದವಳು ಮಗಳೇ. ಅವಳು ಅದನ್ನು ತೆಗೆದುಹಾಕಿ ಮತ್ತೆ ಶುರುಮಾಡಿದಳು. ಕಂಪ್ಯೂಟರ್ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು.

“ನನ್ನ ಕೈಗುಣವೇ ಸರಿಯಿಲ್ಲ ಬಿಡು,” ಅಮ್ಮ ನಕ್ಕಳು. “ಮುಟ್ಟಿದ್ದೆಲ್ಲ ಮಣ್ಣು.”

“ನಿನ್ನ ತಪ್ಪೇನೂ ಇಲ್ಲಮ್ಮ.” ಯಾರ ತಪ್ಪು ಎಂಬುದು ಮಗಳ ನಾಲಿಗೆಯ ತುದಿಯವರೆಗೆ ಬಂದು ಅಲ್ಲೇ ನಿಂತಿತು.

ಅಮ್ಮನ ಮುಖ ಅರಳಿತು. ಬೆನ್ನ ಹಿಂದಿನಿಂದ ಒಂದು ಕೈ ಹೊರಬಂದು ಮಗಳ ತಲೆ ಸವರಿತು. “ನಂಗೆ ಬೇಜಾರಾಗಬಾರ್ದು ಅಂತ ಹೀಗೆ ಹೇಳ್ತೀಯ, ನಂಗೊತ್ತಿಲ್ವಾ? ದೊಡ್ಡ ಮನಸ್ಸು ಕಣೇ ನಿಂದು.”

ಆಮೇಲೆ ಆ ಕೈ, ಕೀಬೋರ್ಡಿಗೆ ಎಲ್ಲೂ ತಾಗದಂತೆ ಸುತ್ತು ಬಳಸಿ, ಮತ್ತೆ ಬೆನ್ನ ಹಿಂದೆ ಹೋಯಿತು.